ಮೊಮ್ಮಗಳು ಗರಡಿಯಲ್ಲಿ ಬಿದ್ದ ದಿನ

ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ಹಳಿಯಾಳದ ಗರಡಿಯಲ್ಲಿ ಬೆನ್ನಿನ ಮೇಲೆ ಧೊಪ್ಪನೆ ಬಿದ್ದಳು! ಬಿದ್ದು, ಬಾಯಿಗೆ ಹೋದ ಮಣ್ಣು ಉಗುಳಿ, ಎದ್ದು ಕೂತು ನಕ್ಕಳು. ಹನ್ನೆರಡು ವರ್ಷದ ಹುಡುಗಿ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನಾನು ಎಷ್ಟೋ ಕಾಲದ ಮೇಲೆ ನೋಡಿದೆ. ಈ ಸುದ್ದಿಯನ್ನು ಮೊದಲು ಯಾರಿಗೆ ಹೇಳಲಿ ಎಂದು ತಿಳಿಯದೆ ಹಾಲಿನವನಿಗೆ ಹೇಳಿದೆ. ಸಾಲದು ಅಂತ ನಮ್ಮ ಓಣಿಯ ಹಿಟ್ಟಿನ ಗಿರಣಿಗೆ ಹೋಗಿ ಗಿರಣಿಯವನ ಕೈಗೆ ಎರಡು ಪೇಢೆ ಇಟ್ಟು ಹೇಳಿದೆ. ಅವನು ಗಿರಣಿ ನಿಲ್ಲಿಸಿ ನನ್ನ ಮುಖ ನೋಡಿದ.

"ಗೆದ್ದರ ಪೇಢೆ ಹಂಚತಾರ ಅಜ್ಜಿ. ಬಿದ್ದದ್ದಕ್ಕ ಹಂಚಾಕಿನ್ನ ನಿನ್ನ ಮೊದಲ ನೋಡಿದ್ದು."

"ನಿನಗೇನ ಗೊತ್ತ, ತಿನ್ನು ಸುಮ್ನ" ಅಂದೆ.

ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಬರೆಯುವ ರೂಢಿ ಇಲ್ಲ. ಆದರೆ ಇದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ನಿದ್ದೆ ಬರಲಾರದು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮೊದಲಿಗೆ ಅಂಬಿಕಾನಗರದ ಕಾಲನಿಯಲ್ಲಿದ್ದೆವು. ನನ್ನ ಮಗ ಅಲ್ಲಿ ಕರೆಂಟು ತಯಾರಾಗುವ ಕಡೆ ಪಾಳಿ ಕೆಲಸ ಮಾಡುತ್ತಾನೆ. ಕಾಡಿನ ನಡುವೆ ಸಾಲಾಗಿ ಕ್ವಾರ್ಟರ್ಸು. ಅಲ್ಲಿ ಯಾರಿಗೂ ಅದು ಸ್ವಂತ ಊರಲ್ಲ. ವರ್ಗವಾದವರ ಮನೆ ಮುಂದೆ ಲಾರಿ ಬಂದು ನಿಲ್ಲುತ್ತದೆ. ಗಾದಿ, ತಿಜೋರಿ, ಗ್ಯಾಸಿನ ಒಲೆ ಏರುತ್ತವೆ. ಸಂಜೆಗೆ ಆ ಬಾಗಿಲಿಗೆ ಬೀಗ. ಒಂದು ಮಳೆ ಬಿದ್ದರೆ ಅಂಗಳದಲ್ಲಿ ಮೊಣಕಾಲು ಮಟ್ಟ ಹುಲ್ಲು.

ಯಜಮಾನರು ತೀರಿಕೊಂಡ ಮೇಲೆ ನನಗೆ ಮಾತಿಗೆ ಸಿಗುತ್ತಿದ್ದವಳು ಪಕ್ಕದ ಮನೆಯ ಒಬ್ಬ ಹೆಂಗಸು, ಮಂಡ್ಯದ ಕಡೆಯವಳು. ನನ್ನ ಮಾತು ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವಳ ಮಾತು ನನಗೆ ಅರ್ಧ. ಆದರೂ ಮಧ್ಯಾಹ್ನವಾದರೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಾ, ತಿಳಿದಷ್ಟಕ್ಕೆ ನಕ್ಕು ತಿಳಿಯದ್ದಕ್ಕೂ ನಗುತ್ತಿದ್ದೆವು. ಅವಳ ಮನೆ ಮುಂದೆಯೂ ಲಾರಿ ಬಂತು. ಮೊದಮೊದಲು ಫೋನು ಬರುತ್ತಿತ್ತು. ಆಮೇಲೆ ಹಬ್ಬಕ್ಕೆ ಮಾತ್ರ. ಆಮೇಲೆ ಹಬ್ಬಕ್ಕೂ ಇಲ್ಲ. ಆ ಮೆಟ್ಟಿಲ ಮೇಲೆ ಒಬ್ಬಳೇ ಕೂರಲು ನನಗೆ ಆಗಲಿಲ್ಲ; ಅಕ್ಕಿಯನ್ನು ಅಡಿಗೆಮನೆಯಲ್ಲೇ ಆರಿಸತೊಡಗಿದೆ.

ಮೊಮ್ಮಗಳು ಹುಟ್ಟಿ ಬೆಳೆದದ್ದು ಇಂಥದ್ದರಲ್ಲಿ. ಜೊತೆಗೆ ಆಡಿದ ಹುಡುಗಿಯರು ಒಬ್ಬೊಬ್ಬರೇ ಲಾರಿಯ ಹಿಂದೆ ಹೋಗುವುದನ್ನು ನೋಡಿ ನೋಡಿ ಅವಳು ಗೆಳತಿಯರನ್ನು ಮಾಡಿಕೊಳ್ಳುವುದನ್ನೇ ಬಿಟ್ಟಳು. ಒಮ್ಮೆ ನಾನೇ ಕೇಳಿದೆ:

"ಆ ಕಡೀ ಮನಿಗೆ ಹೊಸಾ ಹುಡುಗಿ ಬಂದಾಳಲ್ಲ, ಆಕಿ ಕೂಡ ಆಡಬಾರದೇನವಾ?"

"ಯಾಕ ಆಯಿ? ಹೆಂಗೂ ಹೋಗ್ತಾಳಲ್ಲ" ಅಂದಳು. ಅವಳು ನನ್ನನ್ನು ಆಯಿ ಅನ್ನುತ್ತಾಳೆ. ಅಷ್ಟು ಸಣ್ಣ ಹುಡುಗಿಯ ಬಾಯಲ್ಲಿ ಅಷ್ಟು ಮುದಿ ಮಾತು.

ಅವಳಿಗೆ ಏನಾದರೂ ಮೈಗೆ ಶಕ್ತಿ ಬರುವಂಥದ್ದು ಕಲಿಸಬೇಕು ಎಂಬ ಮಾತು ಎತ್ತಿದವನು ನನ್ನ ಮಗ. ನಾಲ್ಕು ಹೆಜ್ಜೆ ಏರು ಹತ್ತಿದರೆ ಹುಡುಗಿಗೆ ದಮ್ಮು ಬರುತ್ತಿತ್ತು. ಮುಂದೆ ದೊಡ್ಡ ಶಾಲೆಗೆ ಬಸ್ಸಿನಲ್ಲಿ ಒಬ್ಬಳೇ ಹೋಗಿಬರಬೇಕು.

"ಯಾವಾಗಲೂ ಬೆನ್ನ ಹತ್ತಿ ಹೋಗಾಕ ನಮಗ ಆಗಂಗಿಲ್ಲ. ತನ್ನ ತಾ ಕಾಯ್ಕೊಳ್ಳಾಕ ಬರಬೇಕ ಆಕಿಗೆ" ಅಂದ ಮಗ.

ಸೊಸೆ ಹೊಲಿಗೆ ಮಷಿನ್ನಿನ ಮೇಲಿಂದ ತಲೆ ಎತ್ತದೆ, "ಕುಣಿಯೂದ ಕಲಸ್ರಿ. ಮೈಗೂ ಆತು, ನೋಡಾಕೂ ಚೆಂದ" ಅಂದಳು.

"ಕುಣದ್ರ ಯಾರ ಹೆದರತಾರ?"

"ನಮ್ಮ ಲಗ್ನದಾಗ ನೀವು ಕುಣದದ್ದ ನೆನಿಸಿದ್ರ ನಾ ಇನ್ನೂ ಹೆದರತೇನಿ."

ಹಾಗೆ ನಗುತ್ತಲೇ ಕರಾಟೆ ಎಂದು ನಿಶ್ಚಯವಾಯಿತು. ಭಾನುವಾರ ದಾಂಡೇಲಿಯಲ್ಲಿ ಕಲಿಸುತ್ತಿದ್ದರು. ಕರೆದುಕೊಂಡು ಹೋಗುವವಳು ನಾನು. ಬಸ್ಸಿಳಿದು ಪೇಟೆ ದಾಟಿ ಆ ಹಾಲಿಗೆ ನಡೆದು, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಬಿಳಿ ಬಟ್ಟೆಯ ಮಕ್ಕಳು ಸಾಲಾಗಿ ನಿಂತು ಒಂದೇ ದನಿಯಲ್ಲಿ ಕೂಗಿ ಗಾಳಿಗೆ ಗುದ್ದುವುದು, ಗಾಳಿಗೆ ಒದೆಯುವುದು. ಮಾಸ್ತರರು ಒಳ್ಳೆಯವರು, ಮಕ್ಕಳ ಮೇಲೆ ಕೈ ಮಾಡಿದವರಲ್ಲ. ನನ್ನ ಹುಡುಗಿಯ ಕಾಲು ಚೊಲೋ ಏಳುತ್ತದೆ ಎಂದು ಹೊಗಳಿದರು. ದಮ್ಮೂ ಎಷ್ಟೋ ಕಡಿಮೆಯಾಯಿತು. ಮನೆಯಲ್ಲಿ ಗೋಡೆಯ ಮುಂದೆ ನಿಂತು ತನ್ನಷ್ಟಕ್ಕೆ ತಾನೇ ಅಭ್ಯಾಸ ಮಾಡುತ್ತಿದ್ದಳು. ಎಲ್ಲವೂ ಸರಿಯಿತ್ತು. ಒಂದು ದಿನ ಬಸ್ಸಿನಲ್ಲಿ ಸುಮ್ಮನೆ ಕೇಳಿದೆ:

"ನಿನ್ನ ಬಾಜೂ ನಿಲ್ಲತಾಳಲ್ಲ, ಎರಡ ಜಡಿ ಹುಡುಗಿ, ಆಕಿ ಹೆಸರೇನ?"

"ಗೊತ್ತಿಲ್ಲ."

"ಇಷ್ಟ ತಿಂಗಳಾತು, ಹೆಸರ ಗೊತ್ತಿಲ್ಲ?"

"ಅಲ್ಲಿ ಯಾರೂ ಯಾರನ್ನೂ ಕೇಳಂಗಿಲ್ಲ ಆಯಿ. ಎಲ್ಲಾರೂ ತಮ್ಮ ತಮ್ಮ ಗಾಳಿಗೆ ಒದ್ದು ಮನಿಗೆ ಹೋಗ್ತಾರ."

ಮಾಸ್ತರರನ್ನು ಕೇಳಿದರೆ, "ಎದುರಾಬದರಾ ನಿಂತು ಆಡೂದು ಮುಂದ ಬರತೈತ್ರಿ, ಇನ್ನೂ ಎಳೇರು" ಅಂದರು. ಅದೂ ನಿಜವೇ. ಆದರೆ ಆ ಮುಂದೆ ಬರುವಷ್ಟರಲ್ಲಿ ನಾವು ಊರು ಬಿಟ್ಟೆವು. ದೊಡ್ಡ ಶಾಲೆಗೆಂದು ಹಳಿಯಾಳದಲ್ಲಿ ಬಾಡಿಗೆ ಮನೆ ಹಿಡಿದೆವು. ಮಗ ಪಾಳಿ ಇದ್ದಾಗ ಕ್ವಾರ್ಟರ್ಸಿನಲ್ಲೇ ಉಳಿದು, ಬಿಡುವಾದಾಗ ಮೋಟಾರ್ ಸೈಕಲ್ ಮೇಲೆ ಬಂದು ಹೋಗುತ್ತಾನೆ. ಸೊಸೆಗೆ ಪೇಟೆಯಲ್ಲಿ ಹೊಲಿಗೆಯ ಕೆಲಸ ಹೆಚ್ಚಾಯಿತು. ಊಟ ಒಬ್ಬೊಬ್ಬರದು ಒಂದೊಂದು ಹೊತ್ತಿಗೆ. ನಾನು ಮುಚ್ಚಿಟ್ಟ ಪಾತ್ರೆಗಳ ಕಾವಲು.

ಹಳಿಯಾಳದಲ್ಲಿ ಮೊದಲು ಲಾಠಿ ಕಲಿಸುವವರ ಹತ್ತಿರ ಹೋದೆವು. ಮೈದಾನದಲ್ಲಿ ಸಂಜೆ ಹುಡುಗ ಹುಡುಗಿಯರು ಕೋಲು ತಿರುಗಿಸುತ್ತಿದ್ದರು, ಕಣ್ಣಿಗೆ ಹಬ್ಬ. ಹುಡುಗಿ ಕೆಲವು ದಿನ ಹೋಗಿ ಬಿಟ್ಟಳು. "ಕೋಲಿನಷ್ಟ ದೂರ ನಿಲ್ಲಬೇಕ ಆಯಿ, ಹತ್ರ ಹೋದ್ರ ಬೈತಾರ" ಅಂದಳು.

ಉಳಿದದ್ದು ಕುಸ್ತಿ. ಈ ಊರಿನಲ್ಲಿ ಕುಸ್ತಿಯೆಂದರೆ ಯಾರೂ ತಿರುಗಿ ನೋಡುವುದಿಲ್ಲ, ಅಷ್ಟು ಸಹಜ. ಹೆಣ್ಣುಮಕ್ಕಳೂ ಆಡುತ್ತಾರೆ. ಸೊಸೆ ಮಾತ್ರ ಮಷಿನ್ನು ನಿಲ್ಲಿಸಿಬಿಟ್ಟಳು.

"ಅತ್ತಿ, ಪೈಲ್ವಾನರ ಕಿವಿ ನೋಡೀರೇನು? ಹಪ್ಪಳಾ ಮುದ್ದಿ ಆದಂಗ ಆಗಿರತಾವ. ನಾಳೆ ಈಕಿಗೆ ಓಲೆ ಎಲ್ಲಿ ಹಾಕೂಣು?"

"ಕಿವಿ ಹೋದ್ರ ಹೋಗಲಿ, ಮಾತ ಬಂದ್ರ ಸಾಕು" ಅಂದುಬಿಟ್ಟೆ. ಅವಳು ಮತ್ತೆ ಮಷಿನ್ನು ತುಳಿಯತೊಡಗಿದಳು. ಮಗಳ ಮೌನ ಅವಳಿಗೂ ಗೊತ್ತಿತ್ತು.

ಗರಡಿಯ ವಸ್ತಾದರು ಬಿಳಿ ಮೀಸೆಯ ಮನುಷ್ಯ. ಕುಸ್ತಿ ಕಲಿಸುವವರಿಗೆ ನಮ್ಮ ಕಡೆ ವಸ್ತಾದ ಅನ್ನುತ್ತಾರೆ. ಬಾಗಿಲ ಹೊರಗೆ ನಿಂತೇ ಮಾತಾಡಿದೆವು. "ಮೊದಲ ಬೀಳೂದ ಕಲಸತೇನ್ರಿ. ಒಮ್ಮೆ ಚೊಲೋತ್ನಂಗ ಬಿದ್ದಾಕಿಗೆ ಆಮ್ಯಾಲೆ ಯಾರ ಹೆದರಿಕೀನೂ ಇರಂಗಿಲ್ಲ" ಅಂದರು. ಆಮೇಲೆ ಅಂದ ಮಾತು ನನಗೆ ಹಿಡಿಸಿತು: "ಆದ್ರ ಒಂದ ಮಾತು. ಇಲ್ಲಿ ಒಬ್ಬಾಕೇ ಏನೂ ಕಲಿಯಾಕ ಬರಂಗಿಲ್ಲ. ತನ್ನ ತೂಕದ ಜೋಡಿ ಬೇಕು. ಜೋಡಿ ಇಲ್ಲಂದ್ರ ಕುಂತು ಎದ್ದು ಬೈಠಕ್ ಹೊಡದು ಮನಿಗೆ ಹೋಗೂದ ಅಷ್ಟ."

ನನಗೆ ಬೇಕಾದದ್ದು ಅದೇ. ಒಬ್ಬಳೇ ಕಲಿಯಲಿಕ್ಕೆ ಬಾರದ ವಿದ್ಯೆ.

ಕುಸ್ತಿಯ ಬಗ್ಗೆ ನನಗೂ ಗೊತ್ತು ಎಂದು ನಾನು ತಿಳಿದಿದ್ದೆ. ನನ್ನ ತವರು ಮುಂಡಗೋಡದ ಕಡೆ, ಅತ್ತಿವೇರಿ ಕೆರೆಯಿಂದ ಸ್ವಲ್ಪ ಆಚೆ. ನಮ್ಮಣ್ಣ ಪೈಲ್ವಾನ. ಬೋಗುಣಿಯಲ್ಲಿ ಎಣ್ಣೆ ಬಿಸಿ ಮಾಡಿ ಕೊಡುವುದು ನನ್ನ ಕೆಲಸ. ಅವನು ಹಿತ್ತಲಲ್ಲಿ ಕೂತು ತೊಡೆಗೆ, ತೋಳಿಗೆ, ಕುತ್ತಿಗೆಗೆ ತಿಕ್ಕಿ ತಿಕ್ಕಿ, ಬಿಸಿಲಿಗೆ ಹಿತ್ತಾಳೆ ಕೊಡದ ಹಾಗೆ ಹೊಳೆಯುತ್ತಾ ಗರಡಿಗೆ ಹೊರಡುತ್ತಿದ್ದ. ನಾನು ಗರಡಿಯ ಬಾಗಿಲವರೆಗೆ ಅವನ ಹಿಂದೆ ಹೋಗಿ ತಿರುಗಿ ಬರುತ್ತಿದ್ದೆ. ಹೆಂಗಸರು ಒಳಗೆ ಹೋಗುವ ಹಾಗಿರಲಿಲ್ಲ; ಹನುಮಪ್ಪನ ಜಾಗ. ಹಾಗಾಗಿ ಪೈಲ್ವಾನ ಅಂದರೆ ನನಗೆ ಎಣ್ಣೆ. ಒಳಗೆ ಏನಾಗುತ್ತದೋ ನಾನು ಕಂಡವಳಲ್ಲ.

ಮೊಮ್ಮಗಳಿಗೂ ಹಾಗೇ ಶುರು ಮಾಡಿದೆ. ಬೆಳಿಗ್ಗೆ ಎಬ್ಬಿಸಿ, ಎಣ್ಣೆ ಬೆಚ್ಚಗೆ ಮಾಡಿ, ಮಣೆಯ ಮೇಲೆ ಕೂರಿಸಿ, ಬೆರಳಿನಿಂದ ಭುಜದವರೆಗೆ, ಪಾದದಿಂದ ಮೊಣಕಾಲಿನವರೆಗೆ ಹಚ್ಚುತ್ತಿದ್ದೆ. ಹಚ್ಚುತ್ತಾ ನಮ್ಮಣ್ಣನ ಕಥೆ ಹೇಳುತ್ತಿದ್ದೆ, ಎಮ್ಮೆ ಕೆರೆಗೆ ಬಿದ್ದದ್ದು, ನನ್ನ ಮದುವೆಯಲ್ಲಿ ಮಳೆ ಬಂದು ಹಂದರ ಕುಸಿದದ್ದು. ಅವಳು ಕಣ್ಣು ಮುಚ್ಚಿ "ಹೂಂ, ಹೂಂ" ಅನ್ನುತ್ತಿದ್ದಳು. ದಿನದಲ್ಲಿ ಮತ್ತೆ ಯಾರೂ ನನಗೆ ಅಷ್ಟು ಹೊತ್ತು ಹೂಂಗುಟ್ಟುವುದಿಲ್ಲ.

ಆಮೇಲೆ ಗರಡಿಗೆ ಕರೆದುಕೊಂಡು ಹೋಗಿ, ಅವಳನ್ನು ಒಳಗೆ ಬಿಟ್ಟು, ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದೆ. ಒಳಗಿನಿಂದ ದಬ್ ದಬ್ ಎಂದು ಬೀಳುವ ಸಪ್ಪಳ, ಹುಡುಗಿಯರ ಕೂಗು, ವಸ್ತಾದರ ಗದರಿಕೆ. ಅದರಲ್ಲಿ ನನ್ನ ಹುಡುಗಿಯ ದನಿ ಯಾವುದು ಎಂದು ಕಿವಿ ಕೊಟ್ಟು ಕೇಳುತ್ತಿದ್ದೆ. ಸಿಗುತ್ತಿರಲಿಲ್ಲ.

ಮಿಕ್ಕ ಹುಡುಗಿಯರು ಹೊರಗೆ ಬಂದರೆ ಇಟ್ಟಿಗೆಯ ಭಟ್ಟಿಯಿಂದ ಎದ್ದು ಬಂದ ಹಾಗೆ ತಲೆಯಿಂದ ಕಾಲಿನವರೆಗೆ ಕೆಂಪು. ನನ್ನವಳ ಮೈ ಮಾತ್ರ ಸ್ವಚ್ಛ. ಮೊದಲು, ಎಷ್ಟು ಶಿಸ್ತಿನ ಹುಡುಗಿ ಎಂದು ಹೆಮ್ಮೆಪಟ್ಟೆ! ಅವರಲ್ಲಿ ಒಬ್ಬಳು ಹೋಗುತ್ತಾ "ಏ ಎಣ್ಣಿಗಾಯಿ, ನಾಳೆ ಬರ್ತಿಯಿಲ್ಲೋ?" ಅಂದಳು. ಬದನೆಕಾಯಿ ಎಣ್ಣೆಗಾಯಿಯ ಹಾಗೆ ದುಂಡಗಿದ್ದಾಳೆ ಎಂದು ಪ್ರೀತಿಯಿಂದ ಕರೆದರು ಅಂದುಕೊಂಡೆ.

"ನಿನಗ ಮಣ್ಣ ಹತ್ತಂಗಿಲ್ಲೇನು?" ಎಂದು ಕೇಳಿದರೆ, "ಇನ್ನೂ ಬೈಠಕ್ ಹೊಡಸಾಕತ್ತಾರ ಆಯಿ" ಅಂದಳು. ಮರುವಾರವೂ ಬೈಠಕ್. ಅದರ ಮರುವಾರವೂ.

ಮೊನ್ನೆ ಸಂಜೆ ಅವಳು ತಲೆ ಬಗ್ಗಿಸಿಕೊಂಡು ಬಂದು ನನ್ನ ಪಕ್ಕ ಕೂತಳು.

"ಆಯಿ, ನಾಳೆ ಒಂದ ದಿನಾ ಹೋಗಿ ಬಿಟ್ಟಬಿಡತೇನಿ. ಬೈಠಕ್ ಮನ್ಯಾಗ ಹೊಡದ್ರೂ ಅಷ್ಟ ಅಲ್ಲ?"

"ಜೋಡಿ ಸಿಗಲಿಲ್ಲೇನು?"

"ಇಲ್ಲ."

ಗಾಳಿಗೆ ಒದೆಯುವ ಕಡೆ ಬಿಟ್ಟೆವು, ಕೋಲಿನ ದೂರದ ಕಡೆ ಬಿಟ್ಟೆವು, ಮೈಗೆ ಮೈ ಹತ್ತುವ ಕಡೆಯೂ ಇವಳಿಗೆ ಯಾರೂ ಸಿಗಲಿಲ್ಲ. ಇದೂ ಹೋದರೆ ಇವಳು ಇನ್ನು ಯಾವ ಬಾಗಿಲನ್ನೂ ತಟ್ಟುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ನನ್ನ ಹಾಗೆ ಅಡಿಗೆಮನೆಯಲ್ಲಿ ಕೂತು ಅಕ್ಕಿ ಆರಿಸುವುದನ್ನು ಇಷ್ಟು ಬೇಗ ಕಲಿತುಬಿಡುತ್ತಾಳೆ. ಏನು ಕಡಿಮೆಯಾಯಿತು ಎಂದು ಯೋಚಿಸಿ, ನಿನ್ನೆ ಬೆಳಿಗ್ಗೆ ಇನ್ನಷ್ಟು ಎಣ್ಣೆ ಹಚ್ಚಿದೆ!

ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತಾಗಿರಬೇಕು. ಒಳಗಿನಿಂದ ಒಬ್ಬ ಹುಡುಗಿ ಬಂದು ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತಳು. ಮೊಮ್ಮಗಳ ವಯಸ್ಸಿನವಳೇ. ಹುಬ್ಬಿನವರೆಗೆ ಮಣ್ಣು. ಬಸ್‌ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಸಾಬರ ಮಗಳು ಎಂದು ಆಮೇಲೆ ತಿಳಿಯಿತು.

"ಅಜ್ಜಿ, ಆಕಿಗೆ ಎಣ್ಣಿ ಹಚ್ಚಾಕಿ ನೀವರೀ?"

"ಹೌದವಾ. ನಿನಗೂ ಹಚ್ಚಬೇಕೇನು?"

"ಅಲ್ಲಾ, ಬ್ಯಾಡ್ರಿ! ಆಕಿನ್ನ ಹಿಡದ್ರ ಹಾವುಮೀನ ಹಿಡದಂಗ ಆಗತೈತಿ. ಕುತ್ತಿಗಿ ಹಿಡದ್ರ ಜಾರತೈತಿ, ಕೈ ಹಿಡದ್ರ ಜಾರತೈತಿ. ಎಣ್ಣಿ ಮೈಯ್ಯಾಗ ಮಟ್ಟಿಗೆ ಇಳಿಯೂದು ಮೋಸದ ಆಟ ಅಂತಾರ ವಸ್ತಾದರು. ಅದಕ್ಕ ಆಕಿನ್ನ ಮೂಲ್ಯಾಗ ನಿಲ್ಲಿಸ್ಯಾರ. ದಿನಾ ಹೇಳತಾರ, ಎಣ್ಣಿ ಹಚ್ಚಕೊಂಡ ಬರಬ್ಯಾಡ ಅಂತ."

ಮಟ್ಟಿ ಅಂದರೆ ಕುಸ್ತಿ ಆಡುವ ಆ ಕೆಂಪು ಮಣ್ಣು. ನನಗೆ ಕೂತ ಕಟ್ಟೆಯೇ ಜಾರಿದ ಹಾಗಾಯಿತು.

"ಆಕಿ ನನಗ ಹೇಳಲೇ ಇಲ್ಲಲ್ಲವಾ!"

"ನಾನೂ ಕೇಳಿದ್ನಿ, ನಿಮ್ಮ ಅಜ್ಜಿಗೆ ಹೇಳಾಕ ಬಾಯಿಲ್ಲೇನ ಅಂತ. ಆಕಿ, ಎಣ್ಣಿ ಹಚ್ಚುಮುಂದ ಅಷ್ಟ ನಮ್ಮ ಆಯಿಗೆ ಮಾತಾಡಾಕ ಮಂದಿ ಸಿಗತಾರ, ಅದಕ್ಕ ಹೇಳಂಗಿಲ್ಲ ಅಂದ್ಳು." ಆ ಹುಡುಗಿ ಮೂಗು ಒರೆಸಿಕೊಂಡಳು, ಮೂಗಿನ ಮೇಲೂ ಕೆಂಪಾಯಿತು. "ನನ್ನ ಜೋಡಿ ಹಾಸ್ಟೆಲಿಗೆ ಹೋದ್ಳ್ರಿ. ನನ್ನ ತೂಕದಾಕಿ ಇಲ್ಲೆ ಈಕಿ ಒಬ್ಬಾಕೇ ಅದಾಳ. ನೀವು ಹಿಂಗ ದಿನಾ ಎಣ್ಣಿ ಬಳದ್ರ ನಾ ಯಾರ ಕೂಡ ಆಡ್ಲಿ?"

ನನಗೆ ಅಳು ಬಂತು, ನಗುವೂ ಬಂತು. ಆ ಹುಡುಗಿ ಅದಕ್ಕೆಲ್ಲ ಕಾಯಲಿಲ್ಲ. "ಒಳಗ ಬರ್ರಿ, ನೀವ ಆಕಿಗೆ ಹೇಳ್ರಿ" ಎಂದು ನನ್ನ ಕೈ ಹಿಡಿದು ಎಳೆದಳು.

ನಾನು ಹೊಸ್ತಿಲಲ್ಲೇ ನಿಂತೆ. ಇಷ್ಟು ವಯಸ್ಸಾದರೂ ಕಾಲು ಮುಂದೆ ಬರಲಿಲ್ಲ. ವಸ್ತಾದರು ಒಳಗಿನಿಂದಲೇ ನೋಡಿ ಗಟ್ಟಿಯಾಗಿ ಅಂದರು:

"ಮೊಮ್ಮಕ್ಕಳು ಒಳಗ ಅದಾರ, ನೀವ್ಯಾಕ ಹೊರಗ? ಚಪ್ಪಲ್ ಬಿಟ್ಟ ಬರ್ರಿ ಆಯಿ."

ಸೆರಗು ತಲೆಯ ಮೇಲೆ ಎಳೆದುಕೊಂಡು ಒಳಗೆ ಹೋದೆ. ಮಟ್ಟಿಗೆ ಬೆರೆಸಿದ ಅರಿಶಿಣ ಮಜ್ಜಿಗೆ, ಬೆವರು, ಹಸಿ ಮಣ್ಣು, ಎಲ್ಲ ಸೇರಿದ ತಂಪು ವಾಸನೆ. ಮೂಲೆಯಲ್ಲಿ ನನ್ನ ಮೊಮ್ಮಗಳು ಒಬ್ಬಳೇ ಗೋಡೆಯ ಕಡೆ ಮುಖ ಮಾಡಿ ಬೈಠಕ್ ಹೊಡೆಯುತ್ತಿದ್ದಳು. ನನ್ನನ್ನು ಕಂಡು ಮುಖ ಬಿಳಚಿಕೊಂಡಿತು. ಆ ಹುಡುಗಿಯನ್ನು ದುರುಗುಟ್ಟಿ ನೋಡಿದಳು.

"ಹೇಳಿದೇನ?"

"ಹೇಳಿದ್ನಿ. ಏನ ಮಾಡ್ತಿ?"

ನಾನು ಹತ್ತಿರ ಹೋಗಿ ಸೆರಗಿನಿಂದ ಅವಳ ಕೈ ಒರೆಸಿದೆ, ಕುತ್ತಿಗೆ ಒರೆಸಿದೆ. "ನನಗ ಯಾಕ ಹೇಳಲಿಲ್ಲವಾ?" ಅಂದರೆ ನೆಲ ನೋಡುತ್ತಾಳೆ. ಒರೆಸಿದಷ್ಟೂ ಎಣ್ಣೆ ಹೋಗಲೊಲ್ಲದು. ಅಷ್ಟರಲ್ಲಿ ಆ ಹುಡುಗಿ ಬಗ್ಗಿ ಎರಡು ಮುಷ್ಟಿ ಮಣ್ಣು ಎತ್ತಿ ಇವಳ ತೋಳಿಗೆ ತಿಕ್ಕಿಯೇಬಿಟ್ಟಳು. ಕುತ್ತಿಗೆಗೆ, ಮೊಣಕಾಲಿಗೆ, ಪಾತ್ರೆ ತಿಕ್ಕಿದ ಹಾಗೆ. ಇವಳು "ಏ, ಉರಿಯಾಕತ್ತೈತಿ!" ಅಂದಳು. "ಉರೀಲಿ" ಅಂದಳು ಅವಳು. ಇವಳೂ ಬಗ್ಗಿ ಮಣ್ಣೆತ್ತಿ ಅವಳ ತಲೆಯ ಮೇಲೆ ಹಾಕಿದಳು. ವಸ್ತಾದರು ಇವಳ ಮೊಣಕೈ ಹಿಡಿದು ನೋಡಿ, ಗಟ್ಟಿಯಾಗಿ ಹಿಂಡಿ, "ಹಾಂ, ಈಗ ಹಿಡಿತ ಕೂಡತೈತಿ. ಇಳೀರಿ" ಅಂದರು. ನಮ್ಮಣ್ಣನೂ ಒಳಗೆ ಹೋಗಿ ಹೀಗೇ ಮಣ್ಣು ತಿಕ್ಕಿಕೊಳ್ಳುತ್ತಿದ್ದನೇನೋ.

ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು. ಹಣೆಗೆ ಹಣೆ ಒತ್ತಿ ನಿಂತರು. ಕುತ್ತಿಗೆಗೆ ಕೈ ಬಿತ್ತು. ನಾನು ನೋಡುತ್ತಿರುವಂತೆಯೇ ಆ ಹುಡುಗಿ ಇವಳ ಕಾಲು ಸೆಳೆದು, ಹೇಳಿದೆನಲ್ಲ, ಧೊಪ್ಪನೆ ಕೆಡವಿದಳು. ನಾನಂತೂ "ಶಿವನೇ" ಅಂದೆ. ಆಮೇಲೆ ಆ ನಗು. ಬಿದ್ದವಳೂ ನಗುತ್ತಾಳೆ, ಕೆಡವಿದವಳೂ ಅವಳ ಮೇಲೇ ಕೂತು ನಗುತ್ತಾಳೆ.

"ನಿನ್ನ ಹೆಸರೇನ?" ಎಂದು ನನ್ನ ಮೊಮ್ಮಗಳು ಕೆಳಗಿನಿಂದಲೇ ಕೇಳಿದಳು. ತಾನಾಗಿ ಕೇಳಿದಳು!

ಮನೆಗೆ ಬರುವಾಗ ಅವರಿಬ್ಬರೂ ಮುಂದೆ, ನಡುವೆ ಆ ಹುಡುಗಿಯ ಸೈಕಲ್ಲು, ನಾನು ಹಿಂದೆ. ಎಷ್ಟು ಮಾತು! ಒಬ್ಬಳ ಮಾತು ಮುಗಿಯುವ ಮುಂಚೆ ಇನ್ನೊಬ್ಬಳದು. ನಾನು ಹೆಜ್ಜೆ ಹಾಕಿ ಹತ್ತಿರ ಹೋದರೂ ನನಗೆ ಅರ್ಧವೂ ಕೇಳಿಸಲಿಲ್ಲ. ಓಣಿಯ ತಿರುವಿನಲ್ಲಿ ಮೊಮ್ಮಗಳು ಹಿಂದಕ್ಕೆ ತಿರುಗಿದಳು.

"ಆಯಿ, ನಾಳೆಯಿಂದ ನೀ ಬರೂದ ಬ್ಯಾಡ. ಈಕಿ ಸೈಕಲ್ ತಗೊಂಡ ಮನೀತನಕಾ ಬರತಾಳಂತ."

"ಹೌದೇನು? ಚೊಲೋ ಆತು ಬಿಡು. ನನಗೂ ಮೊಣಕಾಲ ನೋವು" ಅಂದೆ. ನನ್ನ ಮೊಣಕಾಲಿಗೆ ಯಾವ ನೋವೂ ಇಲ್ಲ. ಎಣ್ಣೆಯೂ ಬೇಡ, ಕಟ್ಟೆಯೂ ಬೇಡ, ನಾನೂ ಬೇಡ. ಇದಕ್ಕಾಗಿಯೇ ಅಲ್ಲವೇ ಬಸ್ಸು ಹತ್ತಿ ಇಳಿದು ಇಷ್ಟು ದಿನ ಅಲೆದದ್ದು? ಆಗಬೇಕಾದದ್ದು ಆಗಿದೆ. ಕಣ್ಣು ಮಾತ್ರ ಸುಮ್ಮನಿರಲಿಲ್ಲ. ಸಂತೋಷಕ್ಕೆ ಎಷ್ಟು, ಬೇರೆಯದಕ್ಕೆ ಎಷ್ಟು ಎಂದು ನಾನು ಬೇರ್ಪಡಿಸಲು ಹೋಗಲಿಲ್ಲ. ಪೇಢೆ ತರಲು ಅಂಗಡಿಗೆ ಹೋದೆ.

ಅಲ್ಲಿಂದಲೇ ಮಗನಿಗೆ ಫೋನು ಮಾಡಿದೆ. ನಾನು ಅಳುತ್ತಾ ನಗುತ್ತಾ ಏನು ಹೇಳಿದೆನೋ, ಅವನಿಗೆ ತಲೆಬುಡ ತಿಳಿಯದೆ, ಪಾಳಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ ಸಂಜೆಯೊಳಗೆ ಬಂದೇಬಿಟ್ಟ. ಹೆಲ್ಮೆಟ್ ತೆಗೆಯದೆ ಅಡಿಗೆಮನೆಗೆ ಬಂದು "ಏನಾತ ಯವ್ವಾ?" ಅಂದ. "ಏನಿಲ್ಲ, ಹುಗ್ಗಿ ಆಗಾಕತ್ತೈತಿ, ಕೈಕಾಲ ತೊಳಕೊ" ಅಂದೆ.

ಸೊಸೆ ಮಷಿನ್ನಿನ ಮೇಲೆ ಬಟ್ಟೆ ಮುಚ್ಚಿ ಬಂದಳು. ಎಲ್ಲರಿಗೂ ಬಡಿಸಿ ಆಮೇಲೆ ಉಣ್ಣುವುದು ನನ್ನ ರೂಢಿ. ಅವಳು ನನ್ನ ಕೈಯಿಂದ ಸೌಟು ಕಸಿದುಕೊಂಡು, "ಕೂಡ್ರಿ ಅತ್ತಿ, ಇವತ್ತ ಎಲ್ಲಾರೂ ಕೂಡೇ ಉಣ್ಣೂಣು" ಎಂದು ನನ್ನ ತಾಟನ್ನೂ ಸಾಲಿನಲ್ಲಿ ಇಟ್ಟಳು. ಮೊಮ್ಮಗಳು ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ತಾನು ಹೇಗೆ ಬಿದ್ದೆ ಎಂದು ಅಪ್ಪನಿಗೆ ಹೇಳುತ್ತಿದ್ದಳು. ಕೈಯಲ್ಲಿ ತೋರಿಸಲು ಹೋಗಿ ನೀರಿನ ಚಂಬು ಉರುಳಿಸಿದಳು. ಸೊಸೆ "ಮೊದಲ ನುಂಗ, ಆಮ್ಯಾಲೆ ಮಾತಾಡ" ಅಂದಳು. ಯಾರು ಕೇಳುತ್ತಾರೆ? ಮಗ ಹುಗ್ಗಿಯ ಮೇಲೆ ಎಲ್ಲರಿಗೂ ತುಪ್ಪ ಸುರಿದ. ನಾಲ್ಕೂ ಜನ ಒಂದೇ ಸಾಲಿನಲ್ಲಿ ಕೂತು ಉಂಡೆವು.